ಹಡಗಿನ ಗಂಟು

ನೌಕಾಪಡೆಯ ಒಂದು ಹಡಗು ಎರಡು ದಿನ ನಮ್ಮ ಮನೆಯ ಗೋಡೆಯಲ್ಲಿ ದೀಪ ಇಡುವ ಮಾಡದಲ್ಲಿ ಸಿಕ್ಕಿಕೊಂಡಿತ್ತು. ಇದನ್ನು ಯಾದಗಿರಿಯಲ್ಲಿ ಹೇಳಿದರೆ ಜನ ನಗುತ್ತಾರೆ. ನಗಲಿ. ನಾನು ಸೂಗಪ್ಪ, ಕೊಂಕಲ್‌ನ ಅಂಚೆ ಮಾಸ್ತರ. ಇಪ್ಪತ್ತೊಂಬತ್ತು ವರ್ಷದಿಂದ ಈ ಊರಿನ ಕಾಗದ, ಪಿಂಚಣಿ, ಪಾರ್ಸಲ್ಲು ಎಲ್ಲ ನನ್ನ ಕೈಯಿಂದಲೇ ದಾಟಿವೆ. ಎಲ್ಲಿಂದ ಬಂತು, ಯಾರಿಗೆ ಮುಟ್ಟಿತು ಎಂದು ದಿನವೂ ಬರೆದಿಡುವ ಮನುಷ್ಯ ಸುಳ್ಳು ಹೇಳುವುದಿಲ್ಲ. ಹೇಳಿದರೂ ತಾರೀಖು ಹಾಕಿ ಹೇಳುತ್ತಾನೆ.

ಹಡಗಿನ ಹೆಸರು ಕೇಳಬೇಡಿ. ಬಂದರಿನ ಹೆಸರನ್ನೂ ಕೇಳಬೇಡಿ. ಅದು ದೇಶದ ಗುಟ್ಟು, ಯಾರ ಮುಂದೆಯೂ ಬಾಯಿ ಬಿಡಬಾರದು ಎಂದು ಪಕ್ಕದ ಮನೆಯ ಹುಲಗಪ್ಪ ನನ್ನಿಂದ ಆಣೆ ಮಾಡಿಸಿಕೊಂಡಿದ್ದಾನೆ. ಅದೇ ಆಣೆಯನ್ನು ಅವನು ಹೋಟೆಲಿನಲ್ಲಿ, ಹಿಟ್ಟಿನ ಗಿರಣಿಯಲ್ಲಿ, ಕಟಿಂಗ್ ಅಂಗಡಿಯಲ್ಲಿ ಕೂತವರೆಲ್ಲರಿಂದಲೂ ಮಾಡಿಸಿದ್ದಾನೆ. ಹೀಗಾಗಿ ಕೊಂಕಲ್‌ನಲ್ಲಿ ಆ ಗುಟ್ಟು ಗೊತ್ತಿಲ್ಲದವರು ಯಾರೂ ಇಲ್ಲ, ಆದರೆ ಯಾರೂ ಹೇಳುವುದಿಲ್ಲ.

ಹುಲಗಪ್ಪನಿಗೆ ಮೂವತ್ತಮೂರು ವರ್ಷ. ಒಂಬತ್ತು ವರ್ಷದಿಂದ ಆ ಹಡಗಿನಲ್ಲಿದ್ದಾನೆ. ಅದು ಹಳೆಯ ಹಡಗು, ಈಗಲೂ ಹಬೆಯಿಂದ ಓಡುತ್ತದೆ. ಹಬೆ ಮಾಡುವ ಬಾಯ್ಲರು ಇರುವುದು ಹಡಗಿನ ತಳದಲ್ಲಿ, ಹುಲಗಪ್ಪ ಇರುವುದೂ ಅಲ್ಲಿಯೇ. ಸಮುದ್ರ ಕಾಣುವ ಕೆಲಸವಲ್ಲ. ಆದರೆ ರಜೆಗೆ ಊರಿಗೆ ಬಂದಾಗ ಅವನ ಮಾತಿನ ಜೋರೇ ಬೇರೆ. ಮೇಲೆ ಕ್ಯಾಪ್ಟನ್ ಸಾಹೇಬರು ದುರ್ಬೀನು ಹಿಡಿದು ನಿಂತಿರಬಹುದು, ಕೆಳಗೆ ತಾನು ಬೆಂಕಿ ಹಚ್ಚದಿದ್ದರೆ ಅವರು ಅಲ್ಲಿಯೇ ನಿಂತು ಕಾಗೆ ಎಣಿಸಬೇಕು ಅನ್ನುತ್ತಿದ್ದ. ನೀನಿಲ್ಲದಿದ್ದರೆ ಹಡಗು ಹೊರಡುವುದೇ ಇಲ್ಲ ಬಿಡಪ್ಪ ಎಂದು ನಾವು ಕಾಡಿಸುತ್ತಿದ್ದೆವು. ಹಾಗೆ ಕಾಡಿಸಿದ್ದು ತಪ್ಪಾಯಿತು ಎಂದು ಈಗ ಅನಿಸುತ್ತದೆ. ಹುಲಗಪ್ಪ ಕೆಟ್ಟವನಲ್ಲ, ದಡ್ಡನೂ ಅಲ್ಲ. ಅವನಿಗೆ ವಿಚಾರ ಮಾಡುವ ಚಟ ಇದೆ, ಅಷ್ಟೇ.

ಹಡಗು ಬಂದರು ಬಿಡುವುದೆಂದರೆ ನಮ್ಮ ಬಸ್ಸು ಸ್ಟ್ಯಾಂಡು ಬಿಟ್ಟಂತಲ್ಲ. ಒಂದು ವಾರ ಮೊದಲೇ ಗದ್ದಲ ಶುರುವಾಗುತ್ತದೆ. ಮುಂಜಾನೆ ಐದೂವರೆಗೆ ಸೀಟಿ ಊದುತ್ತಾರೆ. ಎದ್ದವರು ಮೊದಲು ಕಸ ಹೊಡೆಯಬೇಕು, ಆಮೇಲೆ ಹಿತ್ತಾಳೆ ತಿಕ್ಕಬೇಕು. ಕೊಂಕಲ್‌ನಲ್ಲಿ ಉಂಡ ತಾಟು ಎತ್ತಿಡದ ಹುಲಗಪ್ಪ ಅಲ್ಲಿ ಮಂಡಿಯೂರಿ ಕೂತು ಬಾಗಿಲ ಹಿಡಿಕೆಯಲ್ಲಿ ಮುಖ ಕಾಣುವಂತೆ ತಿಕ್ಕುತ್ತಾನೆ. ತುಕ್ಕು ಹಿಡಿದ ಕಡೆ ಬೂದು ಬಣ್ಣ ಬಳಿಯುತ್ತಾರೆ. ದಡದಿಂದ ಹಡಗಿನ ತನಕ ಜನ ಸಾಲಾಗಿ ನಿಂತು ಅಕ್ಕಿ, ಉಳ್ಳಾಗಡ್ಡಿ, ಆಲೂಗಡ್ಡಿ ಚೀಲಗಳನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ಆ ಸಾಲಿನಲ್ಲಿ ನಿಂತವನು ಕೆಮ್ಮುವಂತಿಲ್ಲ, ಕೆಮ್ಮಿದರೆ ಚೀಲ ಕಾಲ ಮೇಲೆ ಬೀಳುತ್ತದೆ. ಡಾಕ್ಟರು ಎಲ್ಲರ ಬಾಯಿ ತೆಗೆಸಿ ಹಲ್ಲು ನೋಡುತ್ತಾರೆ, ನಡುನೀರಿನಲ್ಲಿ ಹಲ್ಲು ನೋವು ಬಂದರೆ ಸಂತೆಗೆ ಹೋಗಿ ಕೀಳಿಸಿಕೊಂಡು ಬರಲಾಗುವುದಿಲ್ಲವಲ್ಲ. ಮಡಿ ಬಟ್ಟೆ, ಕುಡಿಯುವ ನೀರು, ಔಷಧ, ಹಗ್ಗ, ಒಂದೊಂದಕ್ಕೂ ಒಬ್ಬೊಬ್ಬ ಸಾಹೇಬ.

ಎಲ್ಲಕ್ಕಿಂತ ಕೊನೆಗೆ ಬಾಯ್ಲರು. ಚಾವಿ ತಿರುವಿದರೆ ಶುರುವಾಗುವ ಯಂತ್ರವಲ್ಲ ಅದು. ತಣ್ಣಗಿದ್ದದ್ದು ಹಬೆ ಕೊಡಲು ಪೂರಾ ಒಂದು ದಿನ ಬೇಕು. ಅದಕ್ಕೂ ಮೊದಲು ಬಾಯ್ಲರಿನ ಹೊಟ್ಟೆಯೊಳಗೆ ಮನುಷ್ಯರೇ ಇಳಿದು ರಿಪೇರಿ ಮಾಡುತ್ತಾರೆ. ರಿಪೇರಿ ಮುಗಿದ ಮೇಲೆ ಸಾಮಾನು ಎಣಿಸುತ್ತಾರೆ. ಗೋಡೆಗೆ ಒಂದು ದೊಡ್ಡ ಹಲಗೆ. ಅದರ ಮೇಲೆ ಒಂದೊಂದು ಸುತ್ತಿಗೆ, ನಟ್ಟು ಬಿಗಿಯುವ ಒಂದೊಂದು ಪಾನಾದ ಆಕಾರವನ್ನು ಕೆಂಪು ಬಣ್ಣದಲ್ಲಿ ಬರೆದು ನಂಬರು ಹಾಕಿದ್ದಾರೆ. ಎಲ್ಲ ಸಾಮಾನು ತಂತಮ್ಮ ಆಕಾರದ ಮೇಲೆ ಕೂತ ಮೇಲೆಯೇ ಬಾಯ್ಲರು ಮುಚ್ಚುವುದು. ಒಂದು ಕಡೆ ಬರೀ ಕೆಂಪು ಕಂಡರೆ ಆ ಪಾನಾ ಬಾಯ್ಲರಿನೊಳಗೇ ಬಿದ್ದಿರಬಹುದು ಎಂದು ಅರ್ಥ. ಅದು ಸಿಗುವ ತನಕ ಬೆಂಕಿ ಇಲ್ಲ, ಹಬೆ ಇಲ್ಲ, ಹಡಗು ಇಲ್ಲ.

ಈ ಸಲ ಹಡಗು ಹೊರಡುವ ಸುದ್ದಿ ಬಂದದ್ದು ಹುಲಗಪ್ಪನ ರಜೆಯ ಮೇಲೆ ಕಲ್ಲು ಬಿದ್ದಂತೆ. ಅವನ ಮಗಳು ಪವಿತ್ರಾಗೆ ಆಗ ಹನ್ನೊಂದು ತಿಂಗಳು. ಅವನು ಆ ಕೂಸನ್ನು ಒಮ್ಮೆಯೂ ಎತ್ತಿಕೊಂಡಿರಲಿಲ್ಲ. ಅವಳು ಹುಟ್ಟಿದಾಗ ಹಡಗು ನಡುನೀರಿನಲ್ಲಿತ್ತು. ತೊಟ್ಟಿಲಿಗೆ ಹಾಕಿದಾಗ ರಜೆ ಮಂಜೂರಾಗಿ ರದ್ದಾಯಿತು. ಈಗ ಎರಡನೆಯ ಸಲವೂ ಮಂಜೂರಾಗಿ, ಬ್ಯಾಗು ತುಂಬಿಟ್ಟ ಮೇಲೆ ರದ್ದಾಯಿತು. ಇನ್ನು ಎರಡು ತಿಂಗಳು ಫೋನೂ ಇಲ್ಲ ಎಂದು ಹೇಳಲು ಅವನು ಶನಿವಾರ ಹೆಂಡತಿ ಮರಿಲಿಂಗಮ್ಮನಿಗೆ ಫೋನು ಮಾಡಿದ.

ಮರಿಲಿಂಗಮ್ಮ ಮಾತು ಕಡಿಮೆ ಆಡುವ ಹೆಂಗಸು. ಆಡಿದ ಮಾತು ಮಾತ್ರ ಗೋಡೆಗೆ ಹೊಡೆದ ಮೊಳೆ. ಹಡಗು ಯಾವಾಗ ಹೊರಡುತ್ತದೆ ಎಂದು ಮನೆಯವರಿಗೆ ಹೇಳಬಾರದು ಎಂಬುದು ಅವರ ಕಡೆಯ ನಿಯಮ. ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು ಎಂಬುದು ನಮ್ಮ ಕಡೆಯ ನಿಯಮ. ಆದ್ದರಿಂದ ಅವಳು ಎರಡನ್ನೂ ಕೇಳಲಿಲ್ಲ. ಐತವಾರ ಫೋನ್ ಮಾಡಲೇ ಎಂದು ಕೇಳಿದಳು. ಮಾಡು ಅಂದ. ಸೋಮವಾರ? ಮಾಡು ಅಂದ. ಮಂಗಳವಾರ? ಹುಲಗಪ್ಪ ಕೆಮ್ಮಿದ.

“ಮಂಗಳವಾರ ಅಮಾಸಿ ಅದ,” ಅಂದಳು ಮರಿಲಿಂಗಮ್ಮ. “ಅವರ ಬಲ್ಲಿ ಕ್ಯಾಲೆಂಡರ್ ಇಲ್ಲೇನ್ರಿ?”

ಕ್ಯಾಲೆಂಡರು ಇದೆ, ಅದರಲ್ಲಿ ರಾಹುಕಾಲ ಹಾಕಿಲ್ಲ ಎಂದು ಹುಲಗಪ್ಪ ಒಪ್ಪಿಕೊಂಡ. ಹಾಗಾದರೆ ಗಂಟು ಮುಂದಿಡಿ ಅಂದಳು.

ಗಂಟು ಮುಂದಿಡುವುದೆಂದರೆ ಏನೆಂದು ನಮ್ಮ ಕಡೆ ಯಾರಿಗೂ ಹೇಳಬೇಕಾಗಿಲ್ಲ. ಕೆಟ್ಟ ದಿನ ಹೊರಡಲೇಬೇಕಾಗಿ ಬಂದರೆ, ಅದಕ್ಕೂ ಮೊದಲಿನ ಒಳ್ಳೆಯ ಗಳಿಗೆಯಲ್ಲಿ, ಪ್ರಯಾಣಕ್ಕೆ ಬೇಕೇ ಬೇಕಾದ ಒಂದು ವಸ್ತುವನ್ನು ಅರಿಶಿನ ಹಚ್ಚಿದ ಬಟ್ಟೆಯಲ್ಲಿ ಅಕ್ಕಿ ಅಡಿಕೆ ಸಮೇತ ಕಟ್ಟಿ ಬೇರೆಯವರ ಮನೆಯಲ್ಲಿ ಇಡುವುದು. ಅಲ್ಲಿಗೆ ಪ್ರಯಾಣ ಶುರುವಾಯಿತು. ಆಮೇಲೆ ಹೊರಡುವ ದಿನ ಅಮಾವಾಸ್ಯೆಯಾದರೇನು, ಗ್ರಹಣವಾದರೇನು. ನಾನು ಈ ನೌಕರಿಯ ಪರೀಕ್ಷೆಗೆ ಯಾದಗಿರಿಗೆ ಹೋದಾಗ ನನ್ನ ಪೆನ್ನು ಒಂದು ದಿನ ಮೊದಲೇ ಪಕ್ಕದ ಮನೆ ಸೇರಿತ್ತು. ಮರುದಿನ ನಮ್ಮಪ್ಪ ಅದನ್ನು ಬಸ್ಸಿಗೆ ತಂದುಕೊಟ್ಟ. ಪಾಸಾದೆ.

ಐತವಾರ ಸಂಜೆ ಆರೂವರೆ ಗಳಿಗೆ ಚೆನ್ನಾಗಿದೆ, ಒಂದು ಟವೆಲ್ಲು ಕಟ್ಟಿ ಯಾರ ಬಳಿಯಾದರೂ ಇಡಿ ಎಂದು ಮರಿಲಿಂಗಮ್ಮ ಹೇಳಿದಳು. ಅಷ್ಟು ಮಾಡಿದ್ದರೆ ಈ ಕಥೆ ಇರುತ್ತಿರಲಿಲ್ಲ. ಆದರೆ ಹುಲಗಪ್ಪ ವಿಚಾರ ಮಾಡಿದ. ಮಂಗಳವಾರ ಹೊರಡುವುದು ತಾನಲ್ಲ, ಹಡಗು. ತಾನು ಅದರ ಹೊಟ್ಟೆಯೊಳಗೆ ಸುಮ್ಮನೆ ಕೂತಿರುತ್ತೇನೆ. ತನ್ನ ಟವೆಲ್ಲು ಒಳ್ಳೆಯ ಗಳಿಗೆಯಲ್ಲಿ ಹೊರಟು, ಹಡಗು ಅಮಾವಾಸ್ಯೆಯಲ್ಲಿ ಹೊರಟರೆ ಟವೆಲ್ಲೊಂದು ಸುಖವಾಗಿ ತಿರುಗಿ ಬರುತ್ತದೆ, ಅಷ್ಟೇ. ಆದ್ದರಿಂದ ಗಂಟು ಇಡಬೇಕಾದದ್ದು ಹಡಗಿನದು.

ಹಡಗಿಗೆ ಬೇಕೇ ಬೇಕಾದ ವಸ್ತು ಯಾವುದು ಎಂದು ಅವನು ಅರ್ಧ ದಿನ ಹುಡುಕಿದ. ಲಂಗರು ಗಂಟಿನಲ್ಲಿ ಹಿಡಿಯುವುದಿಲ್ಲ. ಬಾವುಟ ಮುಟ್ಟುವಂತಿಲ್ಲ. ಕೊನೆಗೆ ಬಾಯ್ಲರಿನ ಬಾಗಿಲು ಬಿಗಿಯುವ ಹದಿನೇಳನೇ ನಂಬರಿನ ಪಾನಾ ಕಣ್ಣಿಗೆ ಬಿತ್ತು. ಅದಿಲ್ಲದೆ ಬಾಗಿಲು ಮುಚ್ಚದು, ಬಾಗಿಲು ಮುಚ್ಚದೆ ಹಬೆ ಏಳದು. ಗೇಣುದ್ದದ ಕಬ್ಬಿಣ. ಸೋಮವಾರ ಎಂಟಕ್ಕೆ ಸಾಮಾನು ಎಣಿಸುತ್ತಾರೆ, ಏಳಕ್ಕೆ ಹೋಗಿ ತಂದರಾಯಿತು ಎಂದುಕೊಂಡ. ಗಂಟಿನ ವಸ್ತುವನ್ನು ಇಷ್ಟು ಸರಿಯಾಗಿ ಆರಿಸಿದ ಮನುಷ್ಯ ನಮ್ಮ ಜಿಲ್ಲೆಯಲ್ಲಿ ಮತ್ತೊಬ್ಬನಿಲ್ಲ. ಅದಿಲ್ಲದೆ ಹಡಗು ಖರೇನೇ ಹೊರಡಲಿಲ್ಲ.

ಐತವಾರ ಸಂಜೆ ಅರಿಶಿನದ ಗಂಟು ಎರಡೂ ಕೈಯಲ್ಲಿ ಹಿಡಿದು ಬಂದವನನ್ನು ಗೇಟಿನ ಕಾವಲುಗಾರ ತಡೆದ. ಒಳಗೇನು ಎಂದು ಕೇಳಿದ. ದೇವರದು ಅಂದ ಹುಲಗಪ್ಪ. ಕಾವಲುಗಾರನ ಕಾಲಲ್ಲಿ ಬೂಟು ಇತ್ತು. ಬೂಟು ಬಿಚ್ಚಿದರೆ ಸರ್ಕಾರದ ತಪ್ಪು, ಬಿಚ್ಚದೆ ಮುಟ್ಟಿದರೆ ದೇವರ ತಪ್ಪು. ಅವನು ಎರಡೂ ತಪ್ಪು ಮಾಡದೆ ಕೈ ಮುಗಿದು ಪಕ್ಕಕ್ಕೆ ಸರಿದ.

ಗೇಟಿನ ಹೊರಗೆ ಮೌಲಾಲಿಯ ಲಾರಿ ನಿಂತಿತ್ತು. ಮೌಲಾಲಿ ಶಹಾಪುರದವನು. ನಮ್ಮ ಕಡೆಯ ತೊಗರಿಬೇಳೆ ಆ ಬಂದರಿನ ಊರಿಗೆ ಒಯ್ಯುತ್ತಾನೆ, ಬರುವಾಗ ಸಿಕ್ಕ ಲೋಡು ಹಾಕಿಕೊಂಡು ಬರುತ್ತಾನೆ. ಆರು ವರ್ಷದಿಂದ ಹುಲಗಪ್ಪ ಮನೆಗೆ ಏನು ಕಳಿಸಿದರೂ ಅವನ ಲಾರಿಯಲ್ಲೇ. ಒಮ್ಮೆ ಗೋಡಂಬಿ, ಒಮ್ಮೆ ಕೊಡೆ, ಒಮ್ಮೆ ಪ್ರೆಶರ್ ಕುಕ್ಕರು. ಈ ಸಲ ಹುಲಗಪ್ಪ ಗಂಟು ಕೊಟ್ಟು, ಇದನ್ನು ನಿನ್ನ ಹತ್ತಿರ ಇಟ್ಟುಕೊಂಡಿರು ಎಂದು ಹೇಳಿ, ಗಳಿಗೆ ಮೀರುತ್ತದೆಂದು ಮತ್ತೊಂದು ಮಾತಿಲ್ಲದೆ ಹೊರಟುಹೋದ. ಮೌಲಾಲಿ ಇಟ್ಟುಕೊಂಡ. ಬೆಳಗಿನ ಜಾವ ನಾಲ್ಕಕ್ಕೆ ನಮ್ಮ ಜಿಲ್ಲೆಯ ಕಡೇಚೂರಿನ ಕಾರ್ಖಾನೆಗೆ ಒಯ್ಯುವ ಲೋಡು ಸಿಕ್ಕಿತು. ಗಂಟು ಇಟ್ಟುಕೊಂಡೇ ಹೊರಟ. ಹುಲಗಪ್ಪನ ಗಂಟು ಅಂದಮೇಲೆ ಅದು ಕೊಂಕಲ್‌ಗೆ ತಾನೇ.

ಸೋಮವಾರ ಏಳಕ್ಕೆ ಹುಲಗಪ್ಪ ಗೇಟಿಗೆ ಬಂದರೆ ಲಾರಿ ಇದ್ದ ಜಾಗದಲ್ಲಿ ಒಂದು ಆಕಳು ಮಲಗಿತ್ತು. ಫೋನು ಮಾಡಿದರೆ ಮೌಲಾಲಿ ಘಟ್ಟದಲ್ಲಿದ್ದ, ಸಿಗ್ನಲ್ ಇಲ್ಲ. ಎಂಟಕ್ಕೆ ಸಾಮಾನು ಎಣಿಸಿದರು. ಹಲಗೆಯ ಮೇಲೆ ಹದಿನೇಳು ಕೆಂಪಗೆ ಕಂಡಿತು.

ಬಾಯ್ಲರಿನ ಎಂಜಿನಿಯರ್ ಸಾಹೇಬರು ಉತ್ತರದ ಕಡೆಯವರು, ಶಿಸ್ತಿನ ಮನುಷ್ಯ. ಅವರು ಕೂಗಾಡಲಿಲ್ಲ. ಒಳಗೆ ಇಳಿದು ಹುಡುಕಿ ಅಂದರು. ಹುಡುಕಲು ಮೈ ಸಣ್ಣ ಇರುವವನು ಬೇಕು. ಇಡೀ ತಂಡದಲ್ಲಿ ಎಲ್ಲರಿಗಿಂತ ಸಣ್ಣ ಮೈಯವನು ಹುಲಗಪ್ಪ. ಹೀಗಾಗಿ ಪಾನಾ ಅಲ್ಲಿಲ್ಲ ಎಂದು ಗೊತ್ತಿದ್ದ ಒಬ್ಬನೇ ಒಬ್ಬ ಮನುಷ್ಯನ ಕೈಗೆ ಬ್ಯಾಟರಿ ಕೊಟ್ಟು ಒಳಗೆ ಇಳಿಸಿದರು. ಅವನು ಒಂದು ಗಂಟೆ ಒಳಗೆ ಕೂತು ಬಂದು ಇಲ್ಲ ಅಂದ. ಸರಿಯಾಗಿ ನೋಡು ಎಂದು ಮತ್ತೆ ಇಳಿಸಿದರು. ಮೈಯೆಲ್ಲ ಮಸಿ ಮಾಡಿಕೊಂಡು ಬಂದು ಮತ್ತೆ ಇಲ್ಲ ಅಂದ. ಮೇಲೆ ಊಟದ ಸೀಟಿ ಆಯಿತು. ಬೆಂಕಿ ಹಚ್ಚುವ ಹೊತ್ತು ದಾಟಿತು. ಮೇಲಿನ ಸಾಹೇಬರು ಕೆಳಗಿನ ಸಾಹೇಬರನ್ನು ಕೇಳಿದರು, ಅವರು ಅದಕ್ಕೂ ಕೆಳಗಿನವರನ್ನು ಕೇಳಿದರು, ಪ್ರಶ್ನೆ ಇಳಿಯುತ್ತ ಇಳಿಯುತ್ತ ಬಾಯ್ಲರಿನ ಬಾಗಿಲಿಗೆ ಬಂದು ನಿಂತಿತು. ಮಧ್ಯಾಹ್ನ ಮೂರಕ್ಕೆ ಮೂರನೆಯ ಸಲ ಇಳಿದಾಗ ಹುಲಗಪ್ಪನ ಧೈರ್ಯ ಮುಗಿಯಿತು. ಒಳಗಿನಿಂದಲೇ ಹಿಂದಿಯಲ್ಲಿ ಕೂಗಿ ಹೇಳಿದ: ಸರ್, ಪಾನಾ ಇಲ್ಲಿಲ್ಲ, ಕೊಂಕಲ್‌ನಲ್ಲಿರಬೇಕು.

ಬಾಯ್ಲರಿನ ಹೊಟ್ಟೆ ಆ ಮಾತನ್ನು ನಾಲ್ಕು ಸಲ ಹೇಳಿತಂತೆ. ಕೊಂಕಲ್ ಎಂಬುದು ಹಡಗಿನ ಯಾವ ಕೋಣೆ ಎಂದು ಎಂಜಿನಿಯರ್ ಸಾಹೇಬರು ಪಕ್ಕದವರನ್ನು ಕೇಳಿದರು. ಅವರಿಗೂ ಗೊತ್ತಿರಲಿಲ್ಲ. ಹಡಗಿನ ನಕ್ಷೆ ತರಿಸಿ ಹತ್ತು ನಿಮಿಷ ಹುಡುಕಿದರು. ಆಮೇಲೆ ಹುಲಗಪ್ಪನನ್ನು ಹೊರಗೆಳೆದು, ಸಮುದ್ರದಿಂದ ಪೂರಾ ಒಂದು ಹಗಲಿನ ದಾರಿ ದೂರದ ಯಾದಗಿರಿ ಜಿಲ್ಲೆಯ ಕಥೆ ಕೇಳಿದರು. ಕೇಳಿ ನಂಬಲಿಲ್ಲ. ಮೂರು ಸಲ ಇಳಿದು ಸಾಕಾಗಿ ಹೇಳುತ್ತಿರುವ ಸುಳ್ಳು ಇದು, ಪಾನಾದ ನಂಬರು ಕಣ್ಣಾರೆ ಕಾಣುವ ತನಕ ಬಾಯ್ಲರು ಮುಚ್ಚುವುದಿಲ್ಲ ಅಂದರು.

ಅಷ್ಟರಲ್ಲಿ ಇಲ್ಲಿ ಮೌಲಾಲಿ ಗಂಟನ್ನು ಮರಿಲಿಂಗಮ್ಮನ ಕೈಗೆ ಕೊಟ್ಟಾಗಿತ್ತು. ಅವಳು ಅರಿಶಿನ ನೋಡಿದಳು, ಅಡಿಕೆ ಮುಟ್ಟಿ ನೋಡಿದಳು, ಗಂಡ ಹೇಳಿದ ಮಾತು ಕೇಳಿದನಲ್ಲ ಎಂದು ಸಂತೋಷಪಟ್ಟಳು. ಹೊರಟವರ ಗಂಟು ಸ್ವಂತ ಮನೆಯಲ್ಲಿ ಇರಬಾರದು ಎಂದು ನೇರ ನಮ್ಮ ಮನೆಗೆ ತಂದು ಪಡಸಾಲೆಯ ದೀಪದ ಮಾಡದಲ್ಲಿ ಇಟ್ಟಳು. ನಾನು ತಾರೀಖು, ಹೊತ್ತು ಬರೆದುಕೊಂಡೆ.

ಆರು ಗಂಟೆಗೆ ವಿಡಿಯೋ ಫೋನು ಬಂತು. ಆ ಕಡೆ ಮಸಿ ಮೆತ್ತಿದ ಹುಲಗಪ್ಪ, ಅವನ ಪಕ್ಕ ಬಿಳಿ ಅಂಗಿಯ ಎಂಜಿನಿಯರ್ ಸಾಹೇಬರು. ಈ ಕಡೆ ಮಾಡದ ಕೆಳಗೆ ಮರಿಲಿಂಗಮ್ಮ, ಅವಳ ಕಂಕುಳಲ್ಲಿ ಪವಿತ್ರಾ, ಓಣಿಯ ಹಿರಿಯ ಅಂಬಣ್ಣ, ಮತ್ತು ಅರ್ಧ ಊರು. ಸಾಹೇಬರ ಹಿಂದಿ ತಿಳಿಸಿ ಹೇಳಲು ಮೌಲಾಲಿಯನ್ನು ಹಿಡಿದು ಕೂರಿಸಿದ್ದೆವು. ಅವನು ಮೊದಲೇ ಬೆವರುತ್ತಿದ್ದ. ಸರ್ಕಾರಿ ಸಾಮಾನು ಸಾಗಿಸಿದವನು ತಾನೇ ಎಂದು ಅವನಿಗೆ ಆಗಷ್ಟೇ ಹೊಳೆದಿತ್ತು.

ಗಂಟು ಬಿಚ್ಚಿ ಪಾನಾ ತೋರಿಸಬೇಕು ಅಂದರು ಸಾಹೇಬರು. ಬಿಚ್ಚಿದರೆ ಪ್ರಯಾಣ ಕೆಡುತ್ತದೆ ಅಂದಳು ಮರಿಲಿಂಗಮ್ಮ. ಲಾರಿಯಲ್ಲಿ ಹಿಂದಕ್ಕೆ ಕಳಿಸಿ ಅಂದರು. ಹಿಂದಕ್ಕೆ ಹೋದರೆ ಅದು ಗಂಟಲ್ಲ, ತಗಡು ಅಂದಳು. ನಾನು ಇಲಾಖೆಯ ಮರ್ಯಾದೆ ಕಾಯಬೇಕಲ್ಲ, ಸ್ಪೀಡ್ ಪೋಸ್ಟ್ ಇದೆ, ಶನಿವಾರದೊಳಗೆ ಮುಟ್ಟಬಹುದು ಎಂದು ನಡುವೆ ಹೇಳಿದೆ. ಇಬ್ಬರೂ ನನ್ನ ಕಡೆ ಒಮ್ಮೆ ನೋಡಿ ತಮ್ಮ ವಾದ ಮುಂದುವರಿಸಿದರು.

ಆಗ ಸಾಹೇಬರು ಎರಡು ನಿಮಿಷ ಒಂದೇ ಸಮನೆ ಮಾತಾಡಿದರು. ಅದರಲ್ಲಿ ಕೋರ್ಟು, ಜೈಲು, ದೇಶ, ಡೀಸೆಲ್ಲು ಎಲ್ಲ ಬಂದವು. ಮೌಲಾಲಿ ಅದನ್ನೆಲ್ಲ ಒಂದೇ ಸಾಲಿನಲ್ಲಿ ತಿಳಿಸಿದ.

“ಸಾಹೇಬ್ರಿಗಿ ಭಾಳ ಬೇಜಾರಾಗ್ಯಾದ, ವೈನಿ.”

“ಚಾ ಕುಡೀರಿ ಅನ್ನು ಅವರಿಗಿ,” ಅಂದಳು ಮರಿಲಿಂಗಮ್ಮ.

ಮೌಲಾಲಿ ಅದನ್ನು, ವೈನಿ ವಿಚಾರ ಮಾಡಾಕತ್ಯಾರ ಸಾಬ್ ಎಂಬ ಅರ್ಥ ಬರುವಂತೆ ಹಿಂದಿ ಮಾಡಿ ಹೇಳಿದ. ಸಾಹೇಬರು ಸ್ವಲ್ಪ ತಣ್ಣಗಾದರು. ಹಾಗಾದರೆ ಆ ಗಂಟು ಅಲ್ಲಿಂದ ಏಳುವುದು ಹೇಗೆ, ಅದನ್ನಾದರೂ ಹೇಳಲಿ ಅಂದರು. ಮರಿಲಿಂಗಮ್ಮ ಕೂಸನ್ನು ಒಂದು ಕಂಕುಳಿಂದ ಇನ್ನೊಂದು ಕಂಕುಳಿಗೆ ಬದಲಿಸಿದಳು.

“ಹೊಂಟವರೇ ಬಂದು ಎತ್ತಬೇಕು. ಬ್ಯಾರೆಯವರು ಎತ್ತಬಾರ್ದು. ನಿಯಮ ಅದ.”

ಸಾಹೇಬರು ಅಂಬಣ್ಣನ ಬಿಳಿ ಮೀಸೆ ನೋಡಿ, ಈ ನಿಯಮ ಖರೇನಾ ಎಂದು ಅವನನ್ನು ಕೇಳಿಸಿದರು. ತನಗೆ ಗೊತ್ತಿಲ್ಲದ್ದು ಊರಲ್ಲಿ ಒಂದು ಇದೆ ಎಂದು ಅಂಬಣ್ಣ ಎಪ್ಪತ್ತು ವರ್ಷದಲ್ಲಿ ಒಮ್ಮೆಯೂ ಒಪ್ಪಿದವನಲ್ಲ. ಹಳೆಯ ನಿಯಮ, ನಮ್ಮ ಅಜ್ಜನ ಕಾಲದ್ದು ಎಂದ. ಅಷ್ಟಕ್ಕೇ ನಿಲ್ಲದೆ, ಹೊರಟಿರುವುದು ಹಡಗು, ಆದ್ದರಿಂದ ಹಡಗೇ ಬರಬೇಕು, ಭೀಮಾ ನದಿಯ ತನಕ ಬಂದರೆ ಅಲ್ಲಿಂದ ಈಚೆಗೆ ಟ್ರ್ಯಾಕ್ಟರಿನ ವ್ಯವಸ್ಥೆ ತಾನು ಮಾಡಿಸುತ್ತೇನೆ ಎಂದೂ ಹೇಳಿದ. ಮೌಲಾಲಿ ಅದನ್ನು ಹಿಂದಿ ಮಾಡಲಿಲ್ಲ. ಫೋನು ಕಟ್ಟಾಯಿತು.

ಮಂಗಳವಾರ ಅಮಾವಾಸ್ಯೆ. ಹಡಗು ಹೊರಡಬೇಕಾದ ದಿನ. ಹಡಗು ಇದ್ದಲ್ಲೇ ಇತ್ತು. ಹನ್ನೊಂದು ಗಂಟೆಗೆ ಯಾದಗಿರಿಯ ಒಂದು ಕಚೇರಿಯಿಂದ ಹಣಮೇಶ ಎಂಬ ಗುಮಾಸ್ತರು ಬೈಕಿನಲ್ಲಿ ಬಂದರು. ಬಂದರಿನಿಂದ ದೊಡ್ಡವರು ಯಾರೋ ಇಲ್ಲಿನ ದೊಡ್ಡವರಿಗೆ ಫೋನು ಮಾಡಿದ್ದರು. ನೌಕಾಪಡೆಯ ಸ್ವತ್ತನ್ನು ವಶಕ್ಕೆ ಪಡೆಯಬೇಕು, ಪಂಚರ ಸಮಕ್ಷಮ ಪಂಚನಾಮೆ ಬರೆಯಬೇಕು ಎಂದು ಅವರಿಗೆ ಹುಕುಂ ಆಗಿತ್ತು. ಬಗಲಲ್ಲಿ ಫೈಲು, ಕಿಸೆಯಲ್ಲಿ ಮೂರು ಪೆನ್ನು. ಮಾಡದ ಮುಂದೆ ನಿಂತು ಬರೆಯಲು ಶುರು ಮಾಡಿದರು: ಹಳದಿ ಬಟ್ಟೆಯ ಗಂಟು ಒಂದು. ಒಳಗೆ ಇರುವುದು ಎಂದು ಬರೆದು ಮರಿಲಿಂಗಮ್ಮನ ಮುಖ ನೋಡಿದರು.

ಅವಳು ಅಡ್ಡ ಬರಲಿಲ್ಲ. ಒಯ್ಯಿರಿ ಸಾಹೇಬರ, ನಿಮ್ಮ ಡ್ಯೂಟಿ ಅಂದಳು. ಆದರೆ ಗಂಟು ಎತ್ತಿದವರಿಗೇ ಆ ಪ್ರಯಾಣ ಅಂಟಿಕೊಳ್ಳುತ್ತದೆ ಎಂಬುದಷ್ಟು ನಿಮಗೆ ತಿಳಿದಿರಲಿ ಎಂದು ಮೆತ್ತಗೆ ಹೇಳಿದಳು. ಹಣಮೇಶರು ಚಾಚಿದ ಕೈ ಹಿಂದೆ ತೆಗೆದುಕೊಂಡರು. ಎಷ್ಟು ದಿನದ ಪ್ರಯಾಣ ಎಂದು ಕೇಳಿದರು. ಎರಡು ತಿಂಗಳು. ಎಲ್ಲಿಗೆ? ಅದು ಗುಟ್ಟು ಎಂದು ಅರ್ಧ ಊರು ಒಟ್ಟಿಗೆ ಹೇಳಿತು. ಹಣಮೇಶರಿಗೆ ಇದೇ ಜಿಲ್ಲೆಯ ಸುರಪುರಕ್ಕೆ ವರ್ಗವಾಗಿದ್ದನ್ನೇ ತಪ್ಪಿಸಿಕೊಳ್ಳಲು ಮೂರು ತಿಂಗಳು ಓಡಾಡಿದ ಅನುಭವ ಇತ್ತು. ಅವರು ಅಂಗಳಕ್ಕೆ ಹೋಗಿ ತಮ್ಮ ತಾಯಿಗೆ ಫೋನು ಮಾಡಿ ಬಂದರು. ಬಂದು, ಸ್ವತ್ತು ಇದ್ದ ಸ್ಥಳದಲ್ಲೇ ಸುರಕ್ಷಿತವಾಗಿದೆ, ಕೇಂದ್ರ ಸರ್ಕಾರದ ನೌಕರರೊಬ್ಬರನ್ನು ಕಾವಲಿಗೆ ಹಾಕಲಾಗಿದೆ ಎಂದು ಬರೆದರು. ಆ ನೌಕರ ನಾನು. ಚಹಾ ಕುಡಿದು ಹೋದರು. ನಾನು ಅಂದು ಮಾಡದ ಕೆಳಗೆ ಕುರ್ಚಿ ಹಾಕಿಕೊಂಡು ಅಲ್ಲಿಂದಲೇ ಪಿಂಚಣಿ ಹಂಚಿದೆ.

ಮಧ್ಯಾಹ್ನ ಎಂಜಿನಿಯರ್ ಸಾಹೇಬರ ಫೋನು ಮತ್ತೆ ಬಂತು. ಒಂದೇ ದಿನದಲ್ಲಿ ಅವರ ದನಿ ಇಳಿದಿತ್ತು. ಹಡಗು ಬರಲಾಗುವುದಿಲ್ಲ, ಗಂಟು ಕಟ್ಟಿದವನು ಬಂದರೆ ನಡೆಯುತ್ತದೆಯೇ ಎಂದು ಕೇಳಿದರು.

“ನಡೀತದ,” ಅಂದಳು ಮರಿಲಿಂಗಮ್ಮ. ಅವಳ ದನಿ ಒಂದು ಸ್ವಲ್ಪ ನಡುಗಿದ್ದು ನನಗೆ ಕೇಳಿಸಿತು. ಕೂಸಿನ ಭಾರಕ್ಕೆ ಇರಬೇಕು ಎಂದುಕೊಂಡೆ.

ಬುಧವಾರ ಮುಂಜಾನೆ ಎಂಟಕ್ಕೆ ಹುಲಗಪ್ಪ ಯಾದಗಿರಿಯಿಂದ ಟಂಟಂ ಆಟೋದಲ್ಲಿ ಬಂದಿಳಿದ. ಓಡಿಹೋಗದಂತೆ ಜೊತೆಗೆ ಒಬ್ಬ ಪಂಜಾಬಿ ನಾವಿಕನನ್ನು ಕಾವಲಿಗೆ ಕಳಿಸಿದ್ದರು. ಹನ್ನೆರಡಕ್ಕೆ ವಾಪಸು ಹೊರಡಬೇಕು ಎಂದು ಹುಕುಂ. ಪಂಜಾಬಿ ಮೊದಲ ಅರ್ಧ ಗಂಟೆ ಬಾಗಿಲಲ್ಲಿ ಕಂಬದಂತೆ ನಿಂತ. ಮರಿಲಿಂಗಮ್ಮ ಬಿಸಿ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಇಟ್ಟಳು. ಒಂಬತ್ತು ರೊಟ್ಟಿ ತಿಂದು ನಮ್ಮ ಕಟ್ಟೆಯ ಮೇಲೆ ಮಲಗಿದವನು ಹನ್ನೆರಡರ ತನಕ ಏಳಲಿಲ್ಲ.

ಹುಲಗಪ್ಪ ಕೈ ತೊಳೆದು ಮಗಳನ್ನು ಎತ್ತಿಕೊಳ್ಳಲು ಹೋದ. ಪವಿತ್ರಾ ತಾಯಿಯ ಕುತ್ತಿಗೆ ತಬ್ಬಿ ಕಿರುಚಿ ಅತ್ತಳು. ಅಪ್ಪ ನೋಡವ್ವ, ಅಪ್ಪ ಎಂದು ಓಣಿಯವರೆಲ್ಲ ಹೇಳಿದರು. ಅಪ್ಪ ಅಂದ ಕೂಡಲೇ ಅವಳು ಅಳು ನಿಲ್ಲಿಸಿ ಜಂತಿಯ ಗೂಟಕ್ಕೆ ತೂಗುಹಾಕಿದ್ದ ಚೀಲದ ಕಡೆ ಬೆರಳು ತೋರಿಸಿದಳು. ಆ ಚೀಲದಲ್ಲಿ ಫೋನು ಇತ್ತು. ಅವಳ ಲೆಕ್ಕದಲ್ಲಿ ಅಪ್ಪ ಇರುವುದು ಅದರೊಳಗೆ.

ಯಾರೂ ನಗಲಿಲ್ಲ. ಹುಲಗಪ್ಪ ಆ ಚೀಲದ ಕಡೆ ನೋಡಿದ. ಆಮೇಲೆ ಅವನಿಗೆ ವಿಚಾರ ಬಂತು. ಅವನ ವಿಚಾರದಿಂದ ಒಳ್ಳೆಯದಾದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಹೊರಗೆ ಹೋಗಿ ಬೇವಿನ ಗಿಡದ ಹಿಂದೆ ನಿಂತು ಮನೆಗೆ ವಿಡಿಯೋ ಫೋನು ಮಾಡಿದ. ಪವಿತ್ರಾ ಫೋನಿನಲ್ಲಿ ಅವನ ಮುಖ ನೋಡಿ ಕೇಕೆ ಹಾಕಿದಳು. ಅವನು ಮಾತಾಡುತ್ತ ಆಡುತ್ತ ಗಿಡ ದಾಟಿ, ಅಂಗಳ ದಾಟಿ, ಹೊಸ್ತಿಲು ದಾಟಿ ಬಂದು ಅವಳ ಮುಂದೆ ಕೂತ. ಅವಳು ಫೋನು ನೋಡಿದಳು, ಅವನನ್ನು ನೋಡಿದಳು, ಮತ್ತೆ ಫೋನು ನೋಡಿದಳು. ಕೈ ಚಾಚಿ ಅವನ ಮೀಸೆ ಹಿಡಿದು ಜಗ್ಗಿದಳು. ಹುಲಗಪ್ಪ ಅತ್ತ. ಮೌಲಾಲಿ ಅತ್ತ. ಅಂಬಣ್ಣ ಕಣ್ಣಿಗೆ ಹೊಗೆ ಬಂತು ಅಂದ, ಒಲೆ ಆರಿ ಒಂದು ಗಂಟೆಯಾಗಿತ್ತು. ಹನ್ನೆರಡರ ತನಕ ಕೂಸು ಅವನ ಹೆಗಲಿನಿಂದ ಇಳಿಯಲಿಲ್ಲ.

ಹನ್ನೆರಡಕ್ಕೆ ಅವನು ಮಾಡದಿಂದ ಗಂಟು ಎತ್ತಿಕೊಂಡ. ಎತ್ತಿಕೊಂಡು ಹೊರಟವರು ಹಿಂದಕ್ಕೆ ನೋಡಬಾರದು, ಇದು ಮಾತ್ರ ಖರೇ ನಿಯಮ, ನನಗೂ ಗೊತ್ತು. ಅವನು ನೋಡಲಿಲ್ಲ. ಫೋನು ಹಿಡಿದು, ಸೆಲ್ಫಿ ತೆಗೆಯುವವರಂತೆ ಮುಖದ ಮುಂದೆ ಹಿಡಿದುಕೊಂಡು, ಅದರಲ್ಲಿ ತನ್ನ ಬೆನ್ನ ಹಿಂದೆ ಬಾಗಿಲಲ್ಲಿ ನಿಂತ ಹೆಂಡತಿ ಮಗಳನ್ನು ನೋಡುತ್ತ ಟಂಟಂ ತನಕ ನಡೆದ. ದಾರಿಯಲ್ಲಿ ಎರಡು ಸಲ ಎಡವಿದ.

ಗುರುವಾರ ಪಾನಾ ಹಲಗೆಯ ಮೇಲೆ ತನ್ನ ಜಾಗದಲ್ಲಿ ಕೂತಿತು. ಅದಕ್ಕೆ ಅಂಟಿದ ಅರಿಶಿನ ಸೀಮೆಎಣ್ಣೆ ಹಾಕಿ ತಿಕ್ಕಿದರೂ ಪೂರ್ತಿ ಹೋಗಲಿಲ್ಲವಂತೆ. ಹಬೆ ಎದ್ದಿತು, ಶುಕ್ರವಾರ ಹಡಗು ಬಂದರು ಬಿಟ್ಟಿತು. ಹುಲಗಪ್ಪನಿಗೆ ಒಂದು ತಿಂಗಳು ಹೆಚ್ಚಿನ ಕೆಲಸದ ಶಿಕ್ಷೆಯಾಯಿತು, ಮುಂದಿನ ಬಡ್ತಿ ಒಂದು ವರ್ಷ ಹಿಂದೆ ಬಿತ್ತು. ಮೌಲಾಲಿ ಈಗ ಯಾರು ಏನು ಕೊಟ್ಟರೂ ಬಿಚ್ಚಿ ನೋಡದೆ ಲಾರಿಗೆ ಹಾಕುವುದಿಲ್ಲ. ಅದರಿಂದ ಶಹಾಪುರದಲ್ಲಿ ಎರಡು ಮದುವೆಯ ಸೀರೆಗಳ ಗುಟ್ಟು ಹೊರಬಿದ್ದು ಜಗಳವಾಯಿತು, ಅದು ಬೇರೆ ಮಾತು.

ಆ ಶುಕ್ರವಾರ ಸಂಜೆ ಮರಿಲಿಂಗಮ್ಮ ನಮ್ಮ ಮಾಡದಲ್ಲಿ ಬಿದ್ದಿದ್ದ ಅಕ್ಕಿ ಕಾಳು ಗುಡಿಸಲು ಬಂದಿದ್ದಳು. ಎರಡು ದಿನದಿಂದ ನನ್ನ ತಲೆಯಲ್ಲಿ ಒಂದು ಮಾತು ಕೊರೆಯುತ್ತಿತ್ತು. ಕೇಳಿಯೇ ಬಿಟ್ಟೆ.

“ಹೊಂಟವರೇ ಬಂದು ಗಂಟು ಎತ್ತಬೇಕು ಅನ್ನೋದು ನಾ ಎಲ್ಲೂ ಕೇಳಿಲ್ಲ ತಂಗಿ. ನನ್ನ ಪೆನ್ನು ನಮ್ಮಪ್ಪನೇ ಬಸ್ಸಿಗಿ ತಂದು ಕೊಟ್ಟಿದ್ದ. ಯಾವ ಕಾಲದ ನಿಯಮ ಅದು?”

ಮರಿಲಿಂಗಮ್ಮ ಅಕ್ಕಿ ಕಾಳುಗಳನ್ನು ಸೆರಗಿಗೆ ಹಾಕಿಕೊಂಡಳು.

“ಸೋಮವಾರದ್ದು ಕಾಕಾ. ನಾನೇ ಮಾಡೀನಿ. ಅವರ ಹಡಗಿಗಿ ಅಷ್ಟೊಂದು ನಿಯಮ ಅವ. ನಮ್ಮ ಮನಿಗಿ ಒಂದಾದ್ರೂ ಇರಬಾರ್ದೇನ್ರಿ?”

ಅವಳು ಹೋದ ಮೇಲೆ ನನ್ನ ಪುಸ್ತಕ ತೆಗೆದು ನೋಡಿದೆ. ಸೋಮವಾರದ ಸಾಲಿನಲ್ಲಿ, ಹಳದಿ ಗಂಟು ಒಂದು, ಬಂದರಿನಿಂದ ಬಂದದ್ದು ಎಂದು ಬರೆದು, ಯಾರಿಗೆ ಎಂಬ ಜಾಗ ಖಾಲಿ ಬಿಟ್ಟಿದ್ದೆ. ಅಲ್ಲಿ ಕುಮಾರಿ ಪವಿತ್ರಾ, ಕೊಂಕಲ್ ಎಂದು ತುಂಬಿ, ಮುಟ್ಟಿತು ಎಂದು ಬರೆದು ಬುಧವಾರದ ತಾರೀಖು ಹಾಕಿದೆ.